ಇನ್ನೂರು ಪ್ರಬಂಧ ಎಂದು ಅಚ್ಚು ಹಾಕುವ ಮೊದಲು

ಮಾನ್ಯ ಸಂಪಾದಕರೇ,

ಈಚೆಗೆ ನಿಮ್ಮ ಜಿಲ್ಲಾ ಪುಟದಲ್ಲಿ ವೈದ್ಯ ಸಂಶೋಧಕರೊಬ್ಬರ ಸನ್ಮಾನದ ಸುದ್ದಿ ಓದಿದೆ. ಶಾಲು, ಹಾವೇರಿಯ ಏಲಕ್ಕಿ ಹಾರ, ಎರಡೂ ಬದಿಗೆ ಗಣ್ಯರು. ಚಿತ್ರದ ಕೆಳಗೆ ‘ರಕ್ತದ ಕ್ಯಾನ್ಸರ್ ಹಾಗೂ ಹೃದಯದ ಅಲ್ಟ್ರಾಸೌಂಡ್ ಕುರಿತು ಇನ್ನೂರಕ್ಕೂ ಹೆಚ್ಚು ಪ್ರಬಂಧ ಪ್ರಕಟಿಸಿದ ಸಾಧಕ’ ಎಂಬ ಸಾಲು. ಕೆಲವು ದಿನ ಬಿಟ್ಟು ಓದುಗರ ಪತ್ರಗಳ ಅಂಕಣದಲ್ಲಿ ಒಬ್ಬರು ಇದನ್ನು ಹಿಡಿದು ಜಾಡಿಸಿದ್ದರು. ರಕ್ತದ ಡಾಕ್ಟರು ಹೃದಯದ ಸ್ಕ್ಯಾನಿಂಗ್ ಬಗ್ಗೆ ಬರೆಯುವುದೆಂದರೇನು, ಎಲ್ಲದಕ್ಕೂ ಕೈ ಹಾಕಿದವರು ಯಾವುದರಲ್ಲೂ ತಜ್ಞರಾಗುವುದಿಲ್ಲ, ಇದೆಲ್ಲ ಪ್ರಚಾರದ ಬುರುಡೆ ಎಂಬುದು ಅವರ ವಾದ.

ನಾನು ವೈದ್ಯಳಲ್ಲ. ಈ ಭಾಗದ ವೈದ್ಯಕೀಯ ಕಾಲೇಜೊಂದರ ಗ್ರಂಥಾಲಯದಲ್ಲಿ ಮೂರು ದಶಕ ಕೆಲಸ ಮಾಡಿ ನಿವೃತ್ತಳಾದವಳು. ಡಾಕ್ಟರುಗಳ ಪ್ರಕಟಣೆಗಳ ಪಟ್ಟಿ ತಯಾರಿಸುವುದು, ಮೂಲದೊಂದಿಗೆ ತಾಳೆ ನೋಡುವುದು, ಇನ್‌ಸ್ಪೆಕ್ಷನ್ ಫೈಲಿಗೆ ಜೋಡಿಸುವುದು ನನ್ನ ಕೆಲಸದ ಒಂದು ಪಾಲಾಗಿತ್ತು. ಆ ಅನುಭವದ ಮೇಲೆ ಹೇಳುವುದಾದರೆ, ಪತ್ರ ಬರೆದವರು ಅನುಮಾನ ಪಟ್ಟದ್ದು ಸರಿ. ಅನುಮಾನ ಹೋಗಬೇಕಾದ ಕಡೆ ಹೋಗಿಲ್ಲ. ಆ ಎರಡು ವಿಷಯ ಒಂದೇ ಪಟ್ಟಿಯಲ್ಲಿರುವುದು ತೀರ ಸಹಜ. ಪ್ರಶ್ನಿಸಬೇಕಾದ್ದು ‘ಇನ್ನೂರು’ ಎಂಬ ಅಂಕಿಯನ್ನು.

ಮೊದಲು ರಕ್ತ ಮತ್ತು ಹೃದಯದ ಮಾತು. ನಮ್ಮ ಭಾವನವರಿಗೆ ಲಿಂಫೋಮಾ (ರಕ್ತದ ಕ್ಯಾನ್ಸರುಗಳ ಗುಂಪಿಗೇ ಸೇರಿದ ದುಗ್ಧಗ್ರಂಥಿಗಳ ಕ್ಯಾನ್ಸರ್) ಎಂದು ಗೊತ್ತಾದಾಗ, ಮೊದಲ ಕಿಮೋ ಕೊಡುವ ಮುಂಚೆಯೇ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿಸಿಕೊಂಡು ಬನ್ನಿ ಎಂದಿದ್ದರು. ಭಾವ ರೇಗಿಬಿಟ್ಟರು. ‘ಗಂಟು ಐತಿ ಕುತ್ತಿಗ್ಯಾಗ, ಇವ್ರು ನೋಡ್ತಾರ ಎದಿ. ಬಿಲ್ ಬೆಳಸೂ ದಂಧೆ ಅಲ್ಲೇನು ಇದು?’ ಅವರಿಗೆ ಉತ್ತರ ಹುಡುಕಿಕೊಡುವುದು ನನ್ನ ಪಾಲಿಗೆ ಬಂತು. ನಾನು ಕಪಾಟಿನಲ್ಲಿ ಜೋಡಿಸುತ್ತಿದ್ದ ಪತ್ರಿಕೆಗಳನ್ನು ನಾನೇ ಕೂತು ಓದಿದ್ದು ಆಗಲೇ.

ಲಿಂಫೋಮಾಕ್ಕೆ ಕೊಡುವ ಕಿಮೋದಲ್ಲಿ ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿ ಇರುತ್ತದೆ. ಕಿಮೋ ವಾರ್ಡಿನಲ್ಲಿ ಕೂತವರಿಗೆಲ್ಲ ಅದು ಗೊತ್ತು. ಅದು ಹೋದ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಗಾಗುತ್ತದೆ. ಇದೇ ವಂಶದ ಡಾನೊರುಬಿಸಿನ್ ಅನ್ನು ರಕ್ತದ ಕ್ಯಾನ್ಸರಿಗೆ, ಅಂದರೆ ಲ್ಯುಕೇಮಿಯಾಕ್ಕೆ ಕೊಡುತ್ತಾರೆ. ಇಟಲಿಯ ದಕ್ಷಿಣದ ಕ್ಯಾಸ್ಟೆಲ್ ಡೆಲ್ ಮಾಂಟೆ ಎಂಬ ಹಳೆಯ ಕೋಟೆಯ ಬಳಿಯ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ 1960ರ ದಶಕದ ಆರಂಭದಲ್ಲಿ ತೆಗೆದ ಔಷಧಿ ಅದು. ಲ್ಯುಕೇಮಿಯಾ ಮಕ್ಕಳಲ್ಲಿ ಅದ್ಭುತವಾಗಿ ಕೆಲಸ ಮಾಡಿತು. ಆದರೆ 1967ರ ಹೊತ್ತಿಗೆ ಅದೇ ಔಷಧಿ ಹೃದಯದ ಸ್ನಾಯುವನ್ನು ಕೆಡಿಸುತ್ತದೆ ಎಂದು ವೈದ್ಯರು ಕಂಡುಕೊಂಡರು. ಕ್ಯಾನ್ಸರ್ ಹೋಗಿ, ಮುಂದೆ ಹೃದಯ ಸೋತು ರೋಗಿ ತೀರಿಕೊಳ್ಳುವ ಪರಿಸ್ಥಿತಿ.

ಎಷ್ಟು ಕೊಟ್ಟರೆ ಹೃದಯಕ್ಕೆ ಅಪಾಯ ಎಂಬ ಪ್ರಶ್ನೆಗೆ ವೈದ್ಯಲೋಕ ಉತ್ತರ ಕಂಡುಕೊಂಡ ಬಗೆ ನೋಡಿ. 1973ರಲ್ಲಿ 399 ರೋಗಿಗಳ ದಾಖಲೆ ನೋಡಿದ ಒಂದು ಪ್ರಬಂಧ, ಮೈಯ ಪ್ರತಿ ಚದರ ಮೀಟರ್ ವಿಸ್ತೀರ್ಣಕ್ಕೆ ಜೀವಮಾನದಲ್ಲಿ ಒಟ್ಟು 550 ಮಿಲಿಗ್ರಾಂ ದಾಟಬಾರದು ಎಂದಿತು. 1979ರಲ್ಲಿ ಸುಮಾರು ನಾಲ್ಕು ಸಾವಿರ ರೋಗಿಗಳ ದಾಖಲೆ ಕೆದಕಿದ ಇನ್ನೊಂದು ಪ್ರಬಂಧದ ಪ್ರಕಾರ, ಆ 550ರ ಮಟ್ಟದಲ್ಲಿ ನೂರಕ್ಕೆ ಏಳು ಜನರಿಗೆ ಹೃದಯ ವೈಫಲ್ಯ. ಎಲ್ಲರೂ ಅದನ್ನೇ ನೆಚ್ಚಿಕೊಂಡರು. 2003ರಲ್ಲಿ ಮೂರು ಪ್ರಯೋಗಗಳ 630 ರೋಗಿಗಳನ್ನು ಕ್ರಮವಾಗಿ ಹಿಂಬಾಲಿಸಿದ ಲೆಕ್ಕ ಬಂತು: ಅದೇ 550ಕ್ಕೆ ನೂರಕ್ಕೆ ಇಪ್ಪತ್ತಾರು! ಔಷಧಿ ಅದೇ, ಪ್ರಮಾಣ ಅದೇ, ರೋಗಿಯನ್ನು ನೋಡುವ ಎಚ್ಚರ ಬೇರೆಯಾಗಿತ್ತು ಅಷ್ಟೆ. ಇವತ್ತು ಲಿಂಫೋಮಾದ ಆರು ಸುತ್ತಿಗೆ ಸಾಮಾನ್ಯವಾಗಿ ಕೊಡುವುದು ಅದೇ ಚದರ ಮೀಟರಿನ ಲೆಕ್ಕದಲ್ಲಿ ಒಟ್ಟು 300 ಮಿಲಿಗ್ರಾಂ. ಭಾವನವರಿಗೆ ಆ ಮಿತಿ ಹಾಕಿಕೊಟ್ಟದ್ದು ಇಂಥ ನಾಲ್ಕಾರು ಪ್ರಬಂಧಗಳು. ಅವುಗಳ ಲೇಖಕರಿಗೆ ನಮ್ಮೂರಲ್ಲಿ ಯಾರೂ ಹಾರ ಹಾಕಿಲ್ಲ.

ಹೃದಯ ಕೆಡುತ್ತಿದೆಯೇ ಇಲ್ಲವೇ ಎಂದು ಮೈ ಕೊಯ್ಯದೆ ನೋಡುವ ಸಾಧನ ಎಕೋ. ಎಡ ಹೃತ್ಕುಕ್ಷಿ ಒಂದು ಬಡಿತಕ್ಕೆ ತನ್ನಲ್ಲಿದ್ದ ರಕ್ತದಲ್ಲಿ ನೂರಕ್ಕೆ ಎಷ್ಟು ಭಾಗವನ್ನು ಹೊರಗೆ ತಳ್ಳುತ್ತದೆ ಎಂಬುದನ್ನು ರಿಪೋರ್ಟಿನಲ್ಲಿ ಇಎಫ್ ಎಂದು ಬರೆದಿರುತ್ತಾರೆ; ಜನ ಅದಕ್ಕೆ ‘ಪಂಪಿಂಗ್’ ಎನ್ನುತ್ತಾರೆ. ಮೊದಲಿದ್ದುದಕ್ಕಿಂತ 10 ಅಂಶಕ್ಕೂ ಹೆಚ್ಚು ಇಳಿದು 50ರ ಕೆಳಗೆ ಬಂದರೆ ಔಷಧಿ ಹೃದಯಕ್ಕೆ ತಾಗಿದೆ ಎಂದು ಲೆಕ್ಕ. ಮೊದಲಿದ್ದದ್ದು ಎಷ್ಟು ಎಂದೇ ಗೊತ್ತಿಲ್ಲದಿದ್ದರೆ ಇಳಿದದ್ದು ತಿಳಿಯುವುದು ಹೇಗೆ? ಕಿಮೋಗೆ ಮುಂಚೆ ಎಕೋ ಮಾಡಿಸುವುದು ಅದಕ್ಕೆ. ಈಗ ಇನ್ನೂ ಸೂಕ್ಷ್ಮದ ‘ಸ್ಟ್ರೇನ್’ ಎಂಬ ಅಳತೆ ಬಂದಿದೆ. ಪಂಪಿಂಗ್ ಇಳಿಯುವ ಮುನ್ನವೇ ಸ್ನಾಯುವಿನ ನಾರು ಎಷ್ಟು ಕುಗ್ಗುತ್ತಿದೆ ಎಂದು ಅದು ತೋರಿಸುತ್ತದೆ; ಅದರಲ್ಲಿ ಮೊದಲಿನದಕ್ಕೆ ಹೋಲಿಸಿ ಶೇ 15ರಷ್ಟು ಇಳಿಕೆ ಕಂಡರೆ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ.

ಇಟಲಿಯ ಮಿಲಾನ್ ನಗರದ ಕ್ಯಾನ್ಸರ್ ಸಂಸ್ಥೆಯ ಹೃದಯತಜ್ಞೆ ಡ್ಯಾನಿಯೇಲಾ ಕಾರ್ಡಿನಾಲೆ ಮತ್ತು ಅವರ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಹಾದಿಯದು. ಈ ವರ್ಗದ ಔಷಧಿ ಪಡೆದ 2,625 ರೋಗಿಗಳಿಗೆ ವರ್ಷಗಟ್ಟಲೆ ಎಕೋ ಮಾಡುತ್ತ ಹೋದರು. ಶೇ 9ರಷ್ಟು ಜನರ ಹೃದಯಕ್ಕೆ ಪೆಟ್ಟು ಬಿದ್ದಿತ್ತು. ಅವರಲ್ಲಿ ನೂರಕ್ಕೆ ತೊಂಬತ್ತೆಂಟು ಮಂದಿಯಲ್ಲಿ ಅದು ಕಂಡದ್ದು ಕಿಮೋ ಮುಗಿದ ಮೊದಲ ಒಂದು ವರ್ಷದೊಳಗೆ. ಕಂಡ ಕೂಡಲೇ ಹೃದಯದ ಮಾತ್ರೆ ಶುರು ಮಾಡಿದವರಲ್ಲಿ ಶೇ 82 ಮಂದಿ ಪೂರ್ತಿಯಾಗಿಯೋ ಅರ್ಧಂಬರ್ಧವೋ ಚೇತರಿಸಿಕೊಂಡರು. ಆ ಪ್ರಬಂಧದ ರೋಗಿಗಳಲ್ಲಿ ಸ್ತನ ಕ್ಯಾನ್ಸರಿನವರ ನಂತರದ ದೊಡ್ಡ ಗುಂಪು ಲಿಂಫೋಮಾದವರದು. ಒಂದೇ ಪ್ರಬಂಧದಲ್ಲಿ ರಕ್ತದ ಕ್ಯಾನ್ಸರೂ ಇದೆ, ಹೃದಯದ ಅಲ್ಟ್ರಾಸೌಂಡೂ ಇದೆ.

ಇನ್ನೊಂದು ಕಾಯಿಲೆಯಂತೂ ಎಕೋ ಕೋಣೆಯಲ್ಲೇ ಸಿಕ್ಕಿಬೀಳುತ್ತದೆ. ಎಲುಬಿನ ಮಜ್ಜೆಯ ಪ್ಲಾಸ್ಮಾ ಕೋಶಗಳು ಕೆಟ್ಟು ಮೈಲೋಮಾ ಆಗುವುದನ್ನು ಕೆಲವರಾದರೂ ಕೇಳಿರುತ್ತೀರಿ. ಅದರ ಒಡಹುಟ್ಟು ಎಎಲ್ ಅಮೈಲಾಯ್ಡೋಸಿಸ್. ಆ ಕೋಶಗಳು ಉಗುಳುವ ಪ್ರೋಟೀನಿನ ಚೂರುಗಳು ಹೃದಯದ ಗೋಡೆಯೊಳಗೆ ಹೋಗಿ ಕೂರುತ್ತವೆ. ರೋಗಿಗೆ ದಮ್ಮು, ಕಾಲು ಬಾವು. ಹೃದಯದವರ ಹತ್ತಿರ, ಕಿಡ್ನಿಯವರ ಹತ್ತಿರ ಅಲೆದಾಟ. ಎಕೋದಲ್ಲಿ ಗೋಡೆ ದಪ್ಪಗೆ ಕಾಣುತ್ತದೆ, ಇಸಿಜಿಯಲ್ಲಿ ಮಾತ್ರ ಅಲೆಗಳು ಗಿಡ್ಡ. ಬಿಪಿಯಿಂದ ದಪ್ಪವಾದ ಹೃದಯದಲ್ಲಿ ಸಾಮಾನ್ಯವಾಗಿ ಹೀಗೆ ಇರುವುದಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡಿನ ವೈದ್ಯರು 2012ರಲ್ಲಿ ಸ್ಟ್ರೇನ್ ನಕ್ಷೆಯಲ್ಲಿ ಇದಕ್ಕೊಂದು ಗುರುತು ತೋರಿಸಿಕೊಟ್ಟರು: ಹೃದಯದ ಬುಡ, ನಡು ಎಲ್ಲ ಮಂಕಾಗಿ ತುದಿಯೊಂದು ಮಾತ್ರ ಕಡುಗೆಂಪಾಗಿ ಉಳಿಯುತ್ತದೆ. ಆ ಚಿತ್ರ ಕಂಡ ಹೃದಯತಜ್ಞ ರೋಗಿಯನ್ನು ರಕ್ತತಜ್ಞರ ಹತ್ತಿರ ಕಳಿಸಬೇಕು, ಅದೂ ಬೇಗ. ಚಿಕಿತ್ಸೆ ಅವರ ಕೈಯಲ್ಲಿದೆ. ಈಗ ಇದಕ್ಕೆಲ್ಲ ಕಾರ್ಡಿಯೊ ಆಂಕಾಲಜಿ ಎಂಬ ಉಪಶಾಖೆಯೇ ಇದೆ. 2022ರಲ್ಲಿ ಯುರೋಪಿನ ಹೃದಯತಜ್ಞರ ಸಂಘ ಅದಕ್ಕೆಂದೇ ಮಾರ್ಗಸೂಚಿ ಹೊರಡಿಸಿದೆ. ಪತ್ರ ಬರೆದ ಓದುಗರಿಗೆ ನನ್ನ ಉತ್ತರ ಇಷ್ಟು.

ಇನ್ನು ಇನ್ನೂರರ ಕಥೆ.

ಸನ್ಮಾನಿತರ ಹೆಸರನ್ನು ನಾನೂ ಪಬ್‌ಮೆಡ್‌ನಲ್ಲಿ ಹಾಕಿ ನೋಡಿದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1997ರಿಂದ ಜಗತ್ತಿಗೆಲ್ಲ ಬಿಟ್ಟಿಯಾಗಿ ತೆರೆದಿಟ್ಟ ಸೂಚಿ ಅದು. ಅದಕ್ಕೆ ಮೊದಲು ಇಂಡೆಕ್ಸ್ ಮೆಡಿಕಸ್‌ನ ದಪ್ಪ ಸಂಪುಟಗಳನ್ನು ಮೇಜಿನ ಮೇಲೆ ಹರಡಿಕೊಂಡು ಬೆರಳಿಟ್ಟು ಹುಡುಕುತ್ತಿದ್ದೆವು. 1879ರಲ್ಲಿ ಶುರುವಾದ ಆ ಸೂಚಿಯ ಅಚ್ಚು 2004ಕ್ಕೆ ನಿಂತಿತು. ಹುಡುಕಾಟ ಈಗ ಸಲೀಸು. ಸಿಕ್ಕಿದ್ದು ಯಾರದು ಎಂಬುದು ಸಲೀಸಲ್ಲ. ನಮ್ಮ ಕಡೆಯ ಹೆಸರುಗಳ ಪಾಡು ನಿಮಗೆ ಗೊತ್ತೇ ಇದೆ. ಪಾಟೀಲ, ಕುಲಕರ್ಣಿ, ದೇಸಾಯಿ, ಹಿರೇಮಠ ಎಂದು ಕೊನೆಯಾಗಿ ಮುಂದೆ ಎರಡು ಇನಿಶಿಯಲ್. ಆ ಸೂಚಿಯಲ್ಲಿ ಲೇಖಕರ ಪೂರ್ತಿ ಹೆಸರು ಸೇರಿಸತೊಡಗಿದ್ದೇ 2002ರಿಂದ. ಅದಕ್ಕಿಂತ ಹಿಂದಿನವಕ್ಕೆಲ್ಲ ಅಡ್ಡಹೆಸರು, ಇನಿಶಿಯಲ್ ಅಷ್ಟೆ. ನನಗೆ ಸಿಕ್ಕ ಪಟ್ಟಿಯಲ್ಲಿ ಹಲ್ಲಿನ ಬೇರಿನ ಚಿಕಿತ್ಸೆ ಇತ್ತು, ಜೋಳದ ಬೆಂಕಿರೋಗ ಇತ್ತು, ಹೆರಿಗೆಯ ವಿಷಯ ಇತ್ತು. ಒಬ್ಬರೇ ಮನುಷ್ಯರು ಇಷ್ಟೆಲ್ಲ ಬರೆದಿರಲಾರರು. ಇವರದೇ ಎಂದು ಧೈರ್ಯವಾಗಿ ಹೇಳಬಹುದಾದವು ಬೆರಳೆಣಿಕೆಯಷ್ಟು. ಉಳಿದವು ಬೇರೆ ಸೂಚಿಗಳಲ್ಲಿ ಇರಬಹುದು, ಇರಲಿಕ್ಕಿಲ್ಲ. ಆ ಕಾರಣಕ್ಕೇ ಅವರ ಬಗ್ಗೆ ನಾನು ಕೆಟ್ಟದ್ದನ್ನೂ ಹೇಳುತ್ತಿಲ್ಲ, ಒಳ್ಳೆಯದನ್ನೂ ಹೇಳುತ್ತಿಲ್ಲ. ಹೆಸರಿನ ಈ ಗೊಂದಲ ತಪ್ಪಿಸಲೆಂದೇ 2012ರಿಂದ ಆರ್ಕಿಡ್ ಎಂಬ 16 ಅಂಕಿಗಳ ಗುರುತಿನ ಸಂಖ್ಯೆ ಬಂದಿದೆ. ಯಾವ ಸಂಶೋಧಕರು ಬೇಕಾದರೂ ದುಡ್ಡಿಲ್ಲದೆ ಪಡೆಯಬಹುದು. ನಿಮ್ಮ ವರದಿಗಾರರು ಅದನ್ನೊಂದು ಕೇಳಿದ್ದರೆ ಇನ್ನೂರೋ ಇಪ್ಪತ್ತೋ ಎಂಬ ಅಂದಾಜಾದರೂ ಸಿಗುತ್ತಿತ್ತು.

ಇಷ್ಟು ದೊಡ್ಡ ಸಂಖ್ಯೆ ಹೇಗೆ ಹುಟ್ಟುತ್ತದೆ ಎಂಬುದನ್ನು ಒಳಗಿದ್ದು ನೋಡಿದವಳು ನಾನು. ಸಮ್ಮೇಳನದಲ್ಲಿ ಓದಿದ ಒಂದು ಪುಟದ ಸಾರಾಂಶ ಒಂದು ಎಂದು ಎಣಿಕೆ. ಅದನ್ನೇ ಬೆಳೆಸಿ ಬರೆದ ಪ್ರಬಂಧ ಎರಡು. ಅದರ ಮೇಲಿನ ಪ್ರಶ್ನೆಗೆ ಲೇಖಕರು ಬರೆದ ಉತ್ತರದ ಪತ್ರ ಮೂರು. ವೈದ್ಯಕೀಯ ಪತ್ರಿಕೆಯ ಸಂಪಾದಕರಿಗೆ ಬರೆದ ಪತ್ರವನ್ನೂ ಪಬ್‌ಮೆಡ್ ಬಿಡದೆ ದಾಖಲಿಸುತ್ತದೆ; ನಾನು ಈಗ ಬರೆಯುತ್ತಿರುವಂಥದ್ದು ಅಲ್ಲಿ ಅಚ್ಚಾಗಿದ್ದರೆ ನನ್ನ ಹೆಸರಿಗೂ ಒಂದು ‘ಪ್ರಕಟಣೆ’ ಜಮಾ! ಅಪರೂಪದ ಒಬ್ಬ ರೋಗಿಯ ವರದಿಯೂ ಒಂದು, ಹತ್ತು ಆಸ್ಪತ್ರೆಗಳಲ್ಲಿ ಐದು ವರ್ಷ ನಡೆದ ಪ್ರಯೋಗವೂ ಒಂದು. ಒಬ್ಬ ರೋಗಿಯ ವರದಿ ಕೀಳು ಎನ್ನುತ್ತಿಲ್ಲ. ಕೆಂಪು ಔಷಧಿ ಹೃದಯ ಕೆಡಿಸುತ್ತದೆ ಎಂಬಂಥ ಸುಳಿವು ಮೊದಲು ಸಿಗುವುದು ಒಬ್ಬಿಬ್ಬರು ರೋಗಿಗಳಲ್ಲೇ. ಆದರೆ ಎರಡನ್ನೂ ಒಂದೇ ಕೂಡಿಕೆಯಲ್ಲಿ ಹಾಕಿದರೆ ಆ ಮೊತ್ತ ಏನನ್ನೂ ಹೇಳುವುದಿಲ್ಲ.

ಹೆಸರು ಎಲ್ಲಿದೆ ಎಂಬುದನ್ನೂ ನೋಡಬೇಕು. ವೈದ್ಯಕೀಯ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ದುಡಿದವರದು, ಕಡೆಯದು ಕೆಲಸ ನಡೆಸಿದ ಹಿರಿಯರದು. ನಡುವಿನ ಹನ್ನೆರಡು ಹೆಸರಲ್ಲಿ ಕೆಲವು ನಿಜವಾಗಿ ಕೈ ಕೆಸರು ಮಾಡಿಕೊಂಡವರದು, ಕೆಲವು ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರು ಸೇರಿಸಿದ ಹಾಗೆ ಸೇರಿದಂಥವು. ಬಿಟ್ಟರೆ ಮುನಿಸು.

ಇದಕ್ಕೆ ನಿಯಮವೇ ನೀರೆರೆದಿದೆ. ಸಹ ಪ್ರಾಧ್ಯಾಪಕರಾಗಲು ಎರಡು ಪ್ರಬಂಧ, ಪ್ರಾಧ್ಯಾಪಕರಾಗಲು ನಾಲ್ಕು ಎಂದು ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು ಗೊತ್ತುಪಡಿಸಿತ್ತು. 2015ರಲ್ಲಿ ಮೊದಲ ಇಬ್ಬರು ಲೇಖಕರಿಗೆ ಮಾತ್ರ ಮಾನ್ಯತೆ ಎಂದಿತು. 2020ರಲ್ಲಿ ಅದನ್ನು ಸಡಿಲಿಸಿ ಮೊದಲ ಮೂವರು ಎಂದಿತು. ಪ್ರತಿ ಸಲ ನಿಯಮ ಬದಲಾದಾಗಲೂ ಗ್ರಂಥಾಲಯದ ಕಟ್ಟೆಯ ಮೇಲೆ ಮಾತು ಏರುತ್ತಿತ್ತು: ಎರಡನೆಯ ಹೆಸರು ಯಾರದು, ಮೂರನೆಯದು ಯಾರದು. ಬಡ್ತಿ ಹತ್ತಿರ ಬಂದವರು ನನ್ನ ಮೇಜಿನ ಮುಂದೆ ನಿಂತು ಕೇಳುತ್ತಿದ್ದ ಧಾಟಿ ಈಗಲೂ ಕಿವಿಯಲ್ಲಿದೆ. ‘ಮೇಡಮ್ಮಾರ, ಎರಡು ಪೇಪರ್ ಲಗೂನ ಆಗಬೇಕಾಗ್ಯಾವ್ರಿ. ಇನ್‌ಸ್ಪೆಕ್ಷನ್ ಬಂತು. ಜಲ್ದಿ ಛಾಪಿಸೂ ಜರ್ನಲ್ ಯಾವುದೈತಿ ನೋಡಿ ಹೇಳ್ರಿ.’ ‘ಏನರ ಹೊಸದು ಕಂಡುಹಿಡಿದೀರೇನ್ರಿ ಸರ?’ ಎಂದರೆ ನಗುತ್ತಿದ್ದರು. ಆ ವೈದ್ಯರು ಕೆಟ್ಟವರಲ್ಲ. ಬೆಳಗಿನಿಂದ ಓಪಿಡಿಯಲ್ಲಿ ಊಟಕ್ಕೂ ಬಿಡುವಿಲ್ಲದೆ ರೋಗಿಗಳನ್ನು ನೋಡಿ ಬಂದವರು. ಸಂಶೋಧನೆಗೆ ಸಮಯವನ್ನೂ ದುಡ್ಡನ್ನೂ ಕೊಡದೆ, ಪ್ರಬಂಧವನ್ನು ಮಾತ್ರ ಕೇಳಿದರೆ ಅವರಾದರೂ ಎಲ್ಲಿಂದ ತಂದಾರು?

ಬೇಡಿಕೆ ಇದ್ದಲ್ಲಿ ಅಂಗಡಿ ಏಳುತ್ತದೆ. ನಮ್ಮ ಗ್ರಂಥಾಲಯದ ಇಮೇಲಿಗೆ ‘ಗೌರವಾನ್ವಿತ ಪ್ರೊಫೆಸರ್’ ಎಂದು ಶುರುವಾಗುವ ಆಹ್ವಾನಗಳು ದಿನಾ ಬೀಳುತ್ತಿದ್ದವು. ದುಡ್ಡು ಕಟ್ಟಿದರೆ ವಾರದೊಳಗೆ ಪ್ರಕಟಣೆ. ನಾನು ಗ್ರಂಥಪಾಲಕಿ, ನನ್ನನ್ನು ಹೃದ್ರೋಗದ ಪತ್ರಿಕೆಯೊಂದರ ಸಂಪಾದಕ ಮಂಡಳಿಗೆ ಸೇರಲು ಕರೆದಿದ್ದರು. ಹೆಸರಿರುವ ಪ್ರಕಾಶಕರೂ ಇದರಿಂದ ಪಾರಾಗಿಲ್ಲ. ಹಿಂದಾವಿ ಎಂಬ ಸಂಸ್ಥೆಯ ಪತ್ರಿಕೆಗಳಿಂದ 2023ರ ಒಂದೇ ವರ್ಷದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂಪಡೆಯಬೇಕಾಯಿತು. ಹಿಂಪಡೆದ ಪ್ರಬಂಧದ ಮೇಲೆ ಪಬ್‌ಮೆಡ್ ಎದ್ದು ಕಾಣುವ ಹಾಗೆ ‘ಹಿಂಪಡೆಯಲಾಗಿದೆ’ ಎಂಬ ಪಟ್ಟಿ ಹಚ್ಚುತ್ತದೆ. ಸನ್ಮಾನ ಪತ್ರದಲ್ಲಿ ಮಾತ್ರ ಅದು ಸಂಖ್ಯೆಯೊಳಗೆ ಹಾಗೇ ಉಳಿದಿರುತ್ತದೆ.

ವಿದೇಶದಲ್ಲೂ ಹೀಗೆ ಆಗುತ್ತದೆಯೇ ಎಂದು ಯಾರಾದರೂ ಕೇಳಿದರೆ, ಕಾಕತಾಳೀಯವೋ ಏನೋ, ದೊಡ್ಡ ಸದ್ದು ಮಾಡಿದ ಎರಡು ಹಗರಣಗಳು ಈ ಎರಡೇ ಕ್ಷೇತ್ರದವು. ಜರ್ಮನಿಯ ಫ್ರೀಡ್‌ಹೆಲ್ಮ್ ಹೆರ್ಮನ್ ರಕ್ತದ ಕ್ಯಾನ್ಸರಿನಲ್ಲಿ ದೊಡ್ಡ ಹೆಸರು. ಅವರೂ ಸಹೋದ್ಯೋಗಿ ಮರಿಯಾನ್ ಬ್ರಾಖ್ ಅವರೂ ಸೇರಿ ಪ್ರಕಟಿಸಿದ್ದರಲ್ಲಿ ಅಂಕಿಅಂಶ ತಿದ್ದಲಾಗಿದೆ ಎಂದು 1997ರಲ್ಲಿ ಅವರ ಪ್ರಯೋಗಾಲಯದಲ್ಲಿ ಇದ್ದ ಯುವ ಸಂಶೋಧಕರೊಬ್ಬರು ಬಯಲು ಮಾಡಿದರು. ತನಿಖಾ ತಂಡ 347 ಪ್ರಬಂಧ ಜಾಲಾಡಿತು. 94ರಲ್ಲಿ ತಿದ್ದಿದ ಗುರುತು ಸಿಕ್ಕಿತು. ಮುನ್ನೂರ ನಲವತ್ತೇಳು ಎಂಬ ಸಂಖ್ಯೆಗೆ ಅವತ್ತಿನವರೆಗೂ ಎಲ್ಲರೂ ಕೈಮುಗಿದಿದ್ದರು.

ಎರಡನೆಯದು ಇನ್ನೂ ಭಾರದ್ದು. ನೆದರ್‌ಲೆಂಡ್ಸಿನ ರಾಟರ್‌ಡ್ಯಾಮಿನ ಡಾನ್ ಪೋಲ್ಡರ್‌ಮನ್ಸ್ ಹೃದಯತಜ್ಞರು. ಡೊಬ್ಯುಟಮಿನ್ ಎಂಬ ಔಷಧಿ ಏರಿಸಿ, ಹೃದಯವನ್ನು ಓಡಿಸಿ, ಎಕೋ ನೋಡುವ ಪರೀಕ್ಷೆಯಲ್ಲಿ ಅವರದು ಜಗತ್ತಿನಲ್ಲೇ ಎತ್ತಿದ ಹೆಸರು. ಅವರ ಖಾತೆಯಲ್ಲಿ ಐನೂರಕ್ಕೂ ಹೆಚ್ಚು ಪ್ರಬಂಧಗಳಿದ್ದವು ಎಂದು ವರದಿಯಾಗಿತ್ತು. ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲು ಬೀಟಾ ಬ್ಲಾಕರ್ ಮಾತ್ರೆ ಕೊಟ್ಟರೆ ಹೃದಯಾಘಾತ ತಪ್ಪುತ್ತದೆ ಎಂದು ಅವರ ಅಧ್ಯಯನಗಳು ಹೇಳಿದವು. ಯುರೋಪಿನ 2009ರ ಮಾರ್ಗಸೂಚಿ ರಚಿಸಿದ ಸಮಿತಿಗೆ ಅವರೇ ಅಧ್ಯಕ್ಷರು. 2011ರ ನವೆಂಬರಿನಲ್ಲಿ ಅವರ ಸಂಸ್ಥೆಯೇ, ರೋಗಿಗಳ ಲಿಖಿತ ಒಪ್ಪಿಗೆ ಇಲ್ಲದೆ ಮಾಹಿತಿ ಬಳಸಿದ್ದಾರೆ, ನಂಬಲಾಗದ ಅಂಕಿಅಂಶ ಒಪ್ಪಿಸಿದ್ದಾರೆ ಎಂದು ಅವರನ್ನು ಕೆಲಸದಿಂದ ತೆಗೆದುಹಾಕಿತು. ಲೋಪಗಳಾಗಿವೆ, ಬೇಕೆಂದು ಮಾಡಿದ್ದಲ್ಲ ಎಂಬುದು ಅವರ ಹೇಳಿಕೆ. ಮುಂದೆ ಲಂಡನ್ನಿನ ವೈದ್ಯರ ತಂಡ ಅವರ ಅಧ್ಯಯನಗಳನ್ನು ಬದಿಗಿಟ್ಟು, ನಂಬಿಕೆಗೆ ಅರ್ಹವಾದ ಒಂಬತ್ತು ಪ್ರಯೋಗಗಳನ್ನು ಮಾತ್ರ ಒಟ್ಟುಗೂಡಿಸಿ ಲೆಕ್ಕ ಹಾಕಿತು. ಶಸ್ತ್ರಚಿಕಿತ್ಸೆಗೆ ಮುಂಚೆ ಹೊಸದಾಗಿ ಆ ಮಾತ್ರೆ ಶುರು ಮಾಡಿದವರಲ್ಲಿ ಸಾವು ಶೇ 27ರಷ್ಟು ಹೆಚ್ಚು ಎಂದು ಬಂತು. ಸುಳ್ಳು ಪ್ರಬಂಧದಿಂದ ಏನಾದೀತು, ಕಾಗದ ದಂಡ ಅಷ್ಟೆ ಎನ್ನುವವರು ಈ ಒಂದು ಸಾಲನ್ನು ಎರಡು ಸಲ ಓದಬೇಕು.

ಜರ್ಮನಿಯವರು ಹೆರ್ಮನ್ ಪ್ರಕರಣದಿಂದ ಏನು ಕಲಿತರು ಎಂಬುದು ನಮಗೂ ಉಪಯೋಗಕ್ಕೆ ಬರುವಂಥದ್ದು. ಅಲ್ಲಿನ ಸಂಶೋಧನಾ ಧನಸಹಾಯ ಸಂಸ್ಥೆ 1998ರಲ್ಲೇ ಸಂಖ್ಯೆಗಿಂತ ಗುಣ ನೋಡಿ ಎಂದು ಹೇಳಿತ್ತು. 2010ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅರ್ಜಿ ಹಾಕುವವರು ತಮ್ಮ ಪರಿಚಯದಲ್ಲಿ ಐದು ಪ್ರಬಂಧಕ್ಕಿಂತ ಹೆಚ್ಚು ನಮೂದಿಸುವಂತಿಲ್ಲ ಎಂದು ಗೆರೆ ಹಾಕಿತು. ಐದೇ. ನಾನು ಕೆಲಸದಲ್ಲಿದ್ದಾಗ ಇಂಥ ನಿಯಮ ನಮ್ಮಲ್ಲೂ ಬಂದಿದ್ದರೆ ಎಷ್ಟು ರೀಮು ಕಾಗದ ಉಳಿಯುತ್ತಿತ್ತು!

ಕಡಿಮೆ ಬರೆದವರ ಕೆಲಸವನ್ನೂ ನೋಡಿ. ಎಕೋ ಎಂಬ ವಿದ್ಯೆಯೇ ಹುಟ್ಟಿದ್ದು ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ, ಇಂಗೆ ಎಡ್ಲರ್ ಎಂಬ ವೈದ್ಯ ಮತ್ತು ಹೆಲ್ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿಯ ಗೆಳೆತನದಿಂದ. ಹತ್ತಿರದ ಮಾಲ್ಮೋ ಹಡಗುಕಟ್ಟೆಯಲ್ಲಿ ಲೋಹದೊಳಗಿನ ಬಿರುಕು ಪತ್ತೆ ಮಾಡಲು ಇಟ್ಟಿದ್ದ ಅಲ್ಟ್ರಾಸೌಂಡ್ ಯಂತ್ರವನ್ನು ಎರವಲು ತಂದು ಎದೆಗೆ ಹಿಡಿದು ನೋಡಿದರು. 1953ರ ಅಕ್ಟೋಬರಿನಲ್ಲಿ ಬಡಿಯುವ ಹೃದಯದ ಗೋಡೆಯ ಚಲನೆ ದಾಖಲಾಯಿತು. ಅದರ ಪ್ರಬಂಧ 1954ರಲ್ಲಿ ಬಂದದ್ದು ಎಲ್ಲಿ? ಲುಂಡ್‌ನ ಸ್ಥಳೀಯ ವಿದ್ವತ್ ಸಂಘದ ನಡಾವಳಿಯಲ್ಲಿ. ಇಂದಿನ ನಮ್ಮ ಬಡ್ತಿಯ ನಿಯಮದಲ್ಲಿ ಅದಕ್ಕೆ ಅಂಕ ಸಿಗುವುದು ಅನುಮಾನ. 1977ರಲ್ಲಿ ಅವರಿಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು.

ನಮ್ಮ ನೆರೆಯ ವೆಲ್ಲೂರಿನದೂ ಒಂದು ಹೇಳುತ್ತೇನೆ. ಎಪಿಎಲ್ ಎಂಬ ಲ್ಯುಕೇಮಿಯಾಕ್ಕೆ ಆಗೆಲ್ಲ ಆ ಕೆಂಪು ಔಷಧಿಯ ವಂಶದ್ದರ ಜೊತೆಗೆ ದುಬಾರಿ ಔಷಧಿಗಳನ್ನು ಸೇರಿಸಿ ಕೊಡುವುದು ವಾಡಿಕೆ. ಅಷ್ಟು ದುಡ್ಡಿಲ್ಲದ ನಮ್ಮ ದೇಶದ ರೋಗಿಗಳಿಗೆ ಆರ್ಸೆನಿಕ್ ಟ್ರೈಆಕ್ಸೈಡ್ ಒಂದನ್ನೇ ಮುಖ್ಯವಾಗಿಟ್ಟುಕೊಂಡು ಅಲ್ಲಿನ ಸಿಎಂಸಿ ಆಸ್ಪತ್ರೆಯ ವಿಕ್ರಮ್ ಮ್ಯಾಥ್ಯೂಸ್ ಮತ್ತು ಸಂಗಡಿಗರು ಚಿಕಿತ್ಸೆ ಕೊಟ್ಟು, 72 ರೋಗಿಗಳ ಫಲಿತಾಂಶವನ್ನು 2006ರಲ್ಲಿ ‘ಬ್ಲಡ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂರು ವರ್ಷದ ಲೆಕ್ಕದಲ್ಲಿ ಶೇ 86ರಷ್ಟು ಮಂದಿ ಬದುಕಿದ್ದರು. ರೋಗಿಗಳು ಎಪ್ಪತ್ತೆರಡೇ. ಪ್ರಬಂಧ ಒಂದೇ. ಜಗತ್ತು ಅದನ್ನು ಕಿವಿಗೊಟ್ಟು ಕೇಳಿತು.

ಹಾಗೆಂದು ಪ್ರಬಂಧ ಬರೆಯುವವರನ್ನೆಲ್ಲ ಗೇಲಿ ಮಾಡುವ ಕಾಲವೂ ಇದಲ್ಲ. 2005ರಿಂದ 2014ರ ನಡುವೆ ದೇಶದ 579 ವೈದ್ಯಕೀಯ ಸಂಸ್ಥೆಗಳು ಏನು ಪ್ರಕಟಿಸಿವೆ ಎಂದು ದಿಲ್ಲಿಯ ಹಿರಿಯ ಶಸ್ತ್ರವೈದ್ಯ ಸಮೀರನ್ ನಂದಿ ಮತ್ತು ಸಂಗಡಿಗರು ಲೆಕ್ಕ ಹಾಕಿ 2016ರಲ್ಲಿ ಮುಂದಿಟ್ಟಿದ್ದರು. 332 ಸಂಸ್ಥೆಗಳಿಂದ ಹತ್ತು ವರ್ಷದಲ್ಲಿ ಒಂದೂ ಪ್ರಬಂಧ ಬಂದಿರಲಿಲ್ಲ. ವರ್ಷಕ್ಕೆ ನೂರು ದಾಟಿದವು 25 ಮಾತ್ರ. ಇಂಥ ಬರಗಾಲದಲ್ಲಿ ಯಾರಾದರೂ ಕ್ಯಾನ್ಸರ್ ರೋಗಿಯ ಹೃದಯವನ್ನು ಎಕೋದಲ್ಲಿ ಹಿಂಬಾಲಿಸಿ ನೋಡುತ್ತಿದ್ದಾರೆಂದರೆ ಅದು ಇಡೀ ಪುಟದ ಸುದ್ದಿ. ಶಾಲು ಹೊದಿಸಿದ ಚಿತ್ರ ಆ ಸುದ್ದಿಯಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ. ಮುಂದೆ ಇಂಥ ವರದಿ ಬಂದಾಗ ನಿಮ್ಮವರು ಆರ್ಕಿಡ್ ಸಂಖ್ಯೆ ಕೇಳಿಕೊಳ್ಳಲಿ. ನಿಮ್ಮ ಪ್ರಬಂಧಗಳಲ್ಲಿ ಯಾವುದನ್ನು ನೀವೇ ಮುಖ್ಯವೆಂದು ಎಣಿಸುತ್ತೀರಿ, ಅದರಿಂದ ರೋಗಿಗೆ ಬದಲಾದದ್ದೇನು ಎಂದು ಕೇಳಲಿ. ನಿಜವಾಗಿ ಕೆಲಸ ಮಾಡಿದವರು ಈ ಪ್ರಶ್ನೆಗೆ ಒಂದು ಗಂಟೆ ಮಾತಾಡುತ್ತಾರೆ, ಇದು ನನ್ನ ಅನುಭವ. ಪಬ್‌ಮೆಡ್ ನೋಡಲು ಬಾರದವರಿಗೆ ತೋರಿಸಿಕೊಡಲು ನಾನು ಸಿದ್ಧ. ನಿಮ್ಮ ಧಾರವಾಡ ಕಚೇರಿಗೆ ನನ್ನ ಫೋನ್ ನಂಬರು ಬರೆದು ಕೊಟ್ಟಿದ್ದೇನೆ.

ಸನ್ಮಾನಿತರನ್ನು ಇನ್ನೊಮ್ಮೆ ಭೇಟಿಯಾಗಿ ಮಾತಾಡಿಸಿ ಎಂದೂ ಕೇಳಿಕೊಳ್ಳುತ್ತೇನೆ. ಆ ಕೆಂಪು ಔಷಧಿಯ ವರ್ಗದ ಕಿಮೋ ಪಡೆದವರಿಗೆಲ್ಲ ಅದು ಮುಗಿದ ಮೇಲೆ ಒಂದು ವರ್ಷದೊಳಗೆ ಎಕೋ ಆಗಬೇಕು, ಅಪಾಯ ಹೆಚ್ಚಿರುವವರಿಗೆ ಮೂರನೇ ತಿಂಗಳಿಗೊಂದು, ಹನ್ನೆರಡನೇ ತಿಂಗಳಿಗೊಂದು ಎಂದು ಆ 2022ರ ಮಾರ್ಗಸೂಚಿ ಹೇಳುತ್ತದೆ. ನಮ್ಮ ಕಡೆ ಗಂಟು ಕರಗಿತೆಂದರೆ ಫೈಲನ್ನು ಟ್ರಂಕಿನಲ್ಲಿಟ್ಟು ಹೊಲಕ್ಕೆ ಹೋಗುವವರೇ ಹೆಚ್ಚು. ದಮ್ಮು ಬಂದರೆ ವಯಸ್ಸಾಯಿತು ಎನ್ನುತ್ತಾರೆ. ಕುಂದಗೋಳದಿಂದಲೋ ಸವದತ್ತಿಯಿಂದಲೋ ಬರುವ ರೋಗಿ ಆ ಎಕೋ ಎಲ್ಲಿ ಮಾಡಿಸಬೇಕು, ಸರ್ಕಾರಿ ಆರೋಗ್ಯ ಕಾರ್ಡಿನಲ್ಲಿ ಆಗುತ್ತದೆಯೇ, ರಿಪೋರ್ಟನ್ನು ಯಾರಿಗೆ ತೋರಿಸಬೇಕು, ಹಳೆಯ ಎಕೋ ರಿಪೋರ್ಟ್ ಕಳೆದಿದ್ದರೆ ಏನು ಮಾಡಬೇಕು? ಎರಡೂ ವಿಷಯ ಬಲ್ಲ ವೈದ್ಯರು ನಮ್ಮ ಜಿಲ್ಲೆಯಲ್ಲೇ ಇದ್ದಾರೆಂದು ನೀವೇ ಬರೆದಿದ್ದೀರಿ. ಅವರಿಂದ ಇದಕ್ಕೆ ಉತ್ತರ ಪಡೆದು ಪ್ರಕಟಿಸಿ.

ಇತಿ ನಿಮ್ಮ ಪತ್ರಿಕೆಯ ಹಳೆಯ ಓದುಗಾರ್ತಿ,
ನಿವೃತ್ತ ಗ್ರಂಥಪಾಲಕಿ, ಧಾರವಾಡ